ಎಪ್ಪತ್ತು ಪೌಂಡಿನ ಎಂಜಿನ್ನು

ಸಬ್ ಇನ್ಸ್‌ಪೆಕ್ಟರ್ ರುದ್ರಸ್ವಾಮಿ ಜೀಪಿನಿಂದ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಣದ ಮೇಲೆ ಯಾರೋ ಗೋಣಿತಾಟು ಹೊದಿಸಿದ್ದರು. ತಾಟು ಚಿಕ್ಕದು. ಎರಡೂ ಪಾದ ಹೊರಗೇ ಇದ್ದವು.

ಕೌದಳ್ಳಿ ದಾಟಿದ ಮೇಲೆ ಸಿಗುವ ಏರು ಅದು. ಬಸ್ಸು ಹಿಂದಕ್ಕೆ ಜಾರಿ, ರಸ್ತೆ ಪಕ್ಕದ ಗುಂಡಿಗೆ ಇಳಿದು, ಹುಣಸೆಮರಕ್ಕೆ ಒರಗಿ ನಿಂತಿತ್ತು. ಸತ್ತವನು ಅದರ ಕ್ಲೀನರ್ ಮಹದೇವು. ನಲವತ್ತು ವರ್ಷದ ಗಟ್ಟಿ ಆಳು. ಹೆಣದಿಂದ ನಾಲ್ಕು ಹೆಜ್ಜೆ ಮೇಲೆ ಒಂದು ದೊಡ್ಡ ಮರದ ಗಟ್ಟೆ ಉರುಳಿ ಬಿದ್ದಿತ್ತು.

ಇದು ಸಾವಿರದ ಒಂಬೈನೂರ ಐವತ್ತೆರಡರ ಮಾತು. ಏರು ಬಂದರೆ ಜನ ಇಳಿದು ನಡೆಯುವುದು ಆಗಿನ ರೂಢಿ. ಕ್ಲೀನರು ಗಟ್ಟೆ ಹೊತ್ತು ಹಿಂದಿನ ಚಕ್ರದ ಜೊತೆಗೇ ನಡೆಯುತ್ತಾನೆ. ಬಸ್ಸು ನಿಂತರೆ ಡ್ರೈವರ್ "ಕೊಡ್ಲಾ" ಎಂದು ಕೂಗುತ್ತಾನೆ. ಇವನು ಗಟ್ಟೆಯನ್ನು ಚಕ್ರದ ಹಿಂದೆ ಕೊಡುತ್ತಾನೆ. ಅವತ್ತೂ ಕೂಗಿದ್ದ. ಇವನೂ ಕೊಟ್ಟಿದ್ದ. ಗಟ್ಟೆ ಜಾರಿತು, ಚಕ್ರ ಅವನ ಮೇಲೆ ಹತ್ತಿತು.

ಡ್ರೈವರ್ ಚಿಕ್ಕಸಿದ್ದಯ್ಯ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ.

"ನಾನೇ ಕೊಂದ್ಬುಟ್ಟೆ ಸಾ. ಬ್ರೇಕಿಂದ ನನ್ ಕಾಲೇ ಜಾರ್ತು ಅಂತ ಕಾಣ್ತದೆ."

"ಕಾಣ್ತದೆ ಅಂದ್ರೆ? ಜಾರಿತೋ ಇಲ್ಲವೋ?"

"ದಣಿ ಅಂಗಂದ್ರು ಸಾ."

ದಣಿ ಎಂದರೆ ಬಸ್ಸಿನ ಮಾಲೀಕ ಪುಟ್ಟಮಲ್ಲಪ್ಪ. ಪೊಲೀಸರಿಗಿಂತ ಮೊದಲೇ ಕೊಳ್ಳೇಗಾಲದಿಂದ ಕಾರಿನಲ್ಲಿ ಬಂದು, ಪ್ರಯಾಣಿಕರನ್ನೆಲ್ಲ ಕೌದಳ್ಳಿಗೆ ಕಳಿಸಿ, ತನ್ನ ಮೆಕ್ಯಾನಿಕ್ ಚೆನ್ನಯ್ಯನನ್ನು ಪಕ್ಕದಲ್ಲಿಟ್ಟುಕೊಂಡು ಮರದ ನೆರಳಿನಲ್ಲಿ ನಿಂತಿದ್ದ. ಕಣ್ಣಿಗೆ ಕರವಸ್ತ್ರ ಒತ್ತಿಕೊಂಡ. ಕರವಸ್ತ್ರ ಒಣಗಿತ್ತು.

"ನನ್ನ ಮಗನಿದ್ದ ಹಾಗಿದ್ದ ಕಣ್ರಿ ಮಹದೇವು. ಈ ಕುಡುಕನ ಕೈಗೆ ಬಸ್ಸು ಕೊಟ್ಟದ್ದೇ ನನ್ನ ತಪ್ಪು. ಬಸ್ಸಲ್ಲಿ ದೋಷ ಇಲ್ಲ. ಮೊನ್ನೆ ತಾನೆ ಎಂಜಿನ್ ಪರೀಕ್ಷೆ ಆಗಿದೆ, ಬೇಕಾದ್ರೆ ನೋಡಿ" ಎಂದು ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟ.

ಕಾಗದದಲ್ಲಿ ಚೆನ್ನಯ್ಯನ ರುಜು ಇತ್ತು. 'ಆರೂ ಸಿಲಿಂಡರ್ ಒತ್ತಡ, ತಲಾ ೧೩೫ ಪೌಂಡು. ಎಂಜಿನ್ ಉತ್ತಮ ಸ್ಥಿತಿ.'

ರುದ್ರಸ್ವಾಮಿ ಅದನ್ನು ಎರಡು ಸಲ ಓದಿದ. ಮಗನಂಥವನು ಸತ್ತ ಸುದ್ದಿ ಕೇಳಿ ಓಡಿಬಂದವನು ಎಂಜಿನ್ ಸರ್ಟಿಫಿಕೇಟನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದಾನೆ. ಕಾಗದವನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಶಿವನಂಜಯ್ಯ ಡ್ರೈವರ್ ಸೀಟಿನ ಕೆಳಗಿಂದ ಒಂದು ಸೀಸೆ ತಂದ. ನೀಲಿ ಅರಗಿನ ಗುರುತಿದ್ದ ಸಾರಾಯಿ ಸೀಸೆ. ಬಿರಡೆಯಿಲ್ಲ. ಮುಕ್ಕಾಲು ತುಂಬಿದೆ.

"ಸಿಕ್ತಲ್ಲ!" ಎಂದ ಪುಟ್ಟಮಲ್ಲಪ್ಪ.

ರುದ್ರಸ್ವಾಮಿ ಬಸ್ಸಿನೊಳಗೆ ಹತ್ತಿ ನೋಡಿದ. ಜನರ ಗಂಟುಮೂಟೆಯೆಲ್ಲ ಚೆಲ್ಲಾಪಿಲ್ಲಿ. ಒಂದು ಮೊಸರಿನ ಕುಡಿಕೆ ಒಡೆದು ನೆಲವೆಲ್ಲ ಹರಿದಿದೆ. ಸೀಟಿನ ಕೆಳಗೆ ಮಾತ್ರ ಧೂಳು ಒಣಗಿಯೇ ಇದೆ. ಬಿರಡೆಯಿಲ್ಲದ ಸೀಸೆಯಿಂದ ಒಂದು ಹನಿಯೂ ಚೆಲ್ಲಿಲ್ಲ. ಇಳಿದು ಬಂದು ಚಿಕ್ಕಸಿದ್ದಯ್ಯನ ಬಾಯಿ ಮೂಸಿದ. ಎಲೆಅಡಿಕೆ, ಅಷ್ಟೆ.

*

ಆದರೂ ಚಿಕ್ಕಸಿದ್ದಯ್ಯನನ್ನು ಹಿಡಿಯಲೇಬೇಕಾಯಿತು. ಹನೂರಿನ ಹೋಟೆಲಿನವನ ಹೇಳಿಕೆ ಹಾಗಿತ್ತು.

"ಬೆಳಿಗ್ಗೆ ಕಾಫಿ ಕುಡೀತಾ ಇಬ್ರೂ ಜಗಳ ಆಡಿದ್ರು ಸಾ. ಮಾದೇವು 'ಇನ್ಮೇಕೆ ನಾನು ಇಂದ್ಗಡೆ ನಡಿಯಾಕಿಲ್ಲ' ಅಂದ. ಇವ್ನು 'ನೀ ನಡೀದಿದ್ರೆ ಇನ್ಯಾರ್ಲಾ ನಡೀತಾರೆ' ಅಂತ ರೇಗಿದ. ಅದಾಗಿ ಎರಡೇ ಗಂಟೇಲಿ ಸತ್ತೋಗವ್ನೆ."

ಜಗಳ, ಸಾರಾಯಿ, ಮೇಲೆ ತಪ್ಪೊಪ್ಪಿಗೆ. ಕೊಳ್ಳೇಗಾಲ ಆಗಿನ್ನೂ ಮದ್ರಾಸ್ ಸೀಮೆಗೆ ಸೇರಿತ್ತು, ಅಲ್ಲಿ ಪಾನನಿಷೇಧ ಬೇರೆ. ಬೇಕೆಂದೇ ಬಸ್ಸು ಬಿಟ್ಟು ಕೊಂದ ಎಂದು ಕೇಸಾಯಿತು. ಸೋಮವಾರದವರೆಗೆ ಕೊಳ್ಳೇಗಾಲದ ಲಾಕಪ್ಪು, ಆಮೇಲೆ ಕೊಯಮತ್ತೂರು ಜೈಲು. ಅಲ್ಲಿಗೆ ಹೋದರೆ ಗಲ್ಲಿಗೆ ಹೋದರೂ ಹೋದನೇ.

ಅದು ಗುರುವಾರ. ಕೈಯಲ್ಲಿದ್ದದ್ದು ಮೂರು ದಿನ.

ರುದ್ರಸ್ವಾಮಿಗೆ ಮೊದಲು ಅನುಮಾನ ಬಂದದ್ದು ಬ್ರೇಕಿನ ಮೇಲೆ. ಲಾರಿಗೆ ಕಟ್ಟಿ ಬಸ್ಸನ್ನು ಕೊಳ್ಳೇಗಾಲದಲ್ಲಿ ಪುಟ್ಟಮಲ್ಲಪ್ಪನ ಶೆಡ್ಡಿಗೆ ಎಳೆಸಿ ತಂದ ಕೂಡಲೇ ಚಕ್ರ ಬಿಚ್ಚಿಸಿದ. ಬ್ರೇಕು ಸವೆದಿತ್ತು, ಆದರೆ ಯಾರೂ ಕೈ ಇಟ್ಟಿರಲಿಲ್ಲ. ಕಲಬೆರಕೆ ಇದೆಯೇನೋ ಎಂದು ಟ್ಯಾಂಕು ಮೂಸಿದ. ಶುದ್ಧ ಪೆಟ್ರೋಲು. ಅಲ್ಲಿಗೆ ಆ ದಾರಿ ಮುಚ್ಚಿತು.

*

ಮಹದೇವುವಿನ ಹೆಂಡತಿ ದೊಡ್ಡಮಾದಮ್ಮ ಶುಕ್ರವಾರ ಬೆಳಿಗ್ಗೆ ಸ್ಟೇಷನ್ನಿಗೆ ಬಂದಳು. ಲಾಕಪ್ಪಿನ ಕಂಬಿಯ ಮುಂದೆ ನಿಂತು ಒಳಗೆ ಉಗಿದಳು. ಚಿಕ್ಕಸಿದ್ದಯ್ಯ ಒರೆಸಿಕೊಳ್ಳಲಿಲ್ಲ.

"ಅಣ್ಣಾ ಅಂತ ಕರೀತಿದ್ನಲ್ಲೋ ಪಾಪಿ! ನನ್ ಗಂಡ ಏನ್ಲಾ ಮಾಡಿದ್ದ ನಿಂಗೆ?"

ರುದ್ರಸ್ವಾಮಿ ಅವಳನ್ನು ಬೆಂಚಿನ ಮೇಲೆ ಕೂರಿಸಿದ. ನೀರು ಕೊಟ್ಟ.

"ನೋಡಮ್ಮ, ಹಿಂದೆ ನಡೆಯಲ್ಲ ಅಂತ ನಿನ್ನ ಗಂಡ ಯಾಕಂದ?"

"ಎದ್ರಿಕೆ ಸಾ. ಎರಡು ತಿಂಗ್ಳಿಂದ ಆ ಬಸ್ಸು ಏರು ಅತ್ತಾಕಿಲ್ಲ, ಏರಿಗೆ ನಾಕು ಕಿತ ನಿಲ್ತದೆ ಅಂತಿದ್ರು. ದಣಿ ತಾವ್ಕೆ ಓಗಿ ಕಾಲು ಹಿಡ್ಕಂಡ್ರು. ಎಂಜಿನ್ ಸರಿ ಮಾಡ್ಸಿ, ನಾನು ಸಾಯ್ತೀನಿ ಅಂದ್ರು."

"ದಣಿ ಏನು ಮಾಡಿದರು?"

"ಆಚಾರಿ ಕರೆಸಿ ಇನ್ನೂ ದಪ್ಪದೊಂದು ಗಟ್ಟೆ ಮಾಡ್ಸಿಕೊಟ್ರು."

ರುದ್ರಸ್ವಾಮಿ ಬರೆಯುವುದನ್ನು ನಿಲ್ಲಿಸಿದ. ಮನುಷ್ಯ ಸಾಯುತ್ತೇನೆ ಎಂದು ಕಾಲು ಹಿಡಿದರೆ ದಪ್ಪ ಗಟ್ಟೆ ಮಾಡಿಸಿಕೊಡುವುದು! ಎದ್ದು ಹೋಗಿ ಹಿತ್ತಲಲ್ಲಿ ಥೂ ಎಂದು ಉಗಿದು ಬಂದ.

"ಇನ್ನೇನಾದರೂ ಹೇಳ್ತಿದ್ದನಾ?"

"ಬಟ್ಟೆ ಎಲ್ಲ ಸೀಮೆಎಣ್ಣೆ ನಾತ ಸಾ. ಎಷ್ಟು ಒಗುದ್ರೂ ಓಗ್ತಿರ್ನಿಲ್ಲ. ಕೇಳುದ್ರೆ, ಹೊಸ ನಮೂನೆ ಪೆಟ್ರೋಲಂತೆ, ಚೆನ್ನಯ್ಯ ಮೇಸ್ತ್ರಿ ತುಂಬುಸ್ತಾನೆ ಅಂದ್ರು."

*

ರುದ್ರಸ್ವಾಮಿ ಪೊಲೀಸಿಗೆ ಬರುವ ಮುಂಚೆ ಯುದ್ಧದಲ್ಲಿ ಬರ್ಮಾ ಗಡಿಯವರೆಗೆ ಹೋಗಿ ಬಂದವನು. ಬಂದೂಕು ಹಿಡಿದದ್ದು ಕಡಿಮೆ, ಲಾರಿ ರಿಪೇರಿ ಮಾಡಿದ್ದೇ ಹೆಚ್ಚು. ಅಲ್ಲಿಂದ ತಂದ ಒಂದು ಹಿತ್ತಾಳೆ ಗೇಜು ಟ್ರಂಕಿನಲ್ಲಿತ್ತು. ಮುಂದೆ ರಬ್ಬರಿನ ಮೂತಿ, ಮೇಲೆ ಗಡಿಯಾರದಂಥ ಮುಖ. ಎಂಜಿನ್ನಿನ ಪ್ಲಗ್ಗು ಬಿಚ್ಚಿ, ಆ ತೂತಿಗೆ ಮೂತಿ ಒತ್ತಿ ಹಿಡಿದು ಎಂಜಿನ್ ತಿರುಗಿಸಿದರೆ, ಒಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂದು ಮುಳ್ಳು ಹೇಳುತ್ತದೆ.

ಶುಕ್ರವಾರ ಮಧ್ಯಾಹ್ನ ಪುಟ್ಟಮಲ್ಲಪ್ಪನ ಶೆಡ್ಡಿಗೆ ಹೋದ. ಎಂಜಿನ್ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದ. ಓಡುವ ಎಂಜಿನ್ನಿನಲ್ಲಿ ಎಣ್ಣೆ ತಗ್ಗಬೇಕು. ಇಲ್ಲಿ ಗುರುತಿಗಿಂತ ಎರಡು ಬೆರಳು ಮೇಲಿತ್ತು. ನೀರಿನ ಹಾಗೆ ತೆಳ್ಳಗಿತ್ತು. ಮೂಗಿಗೆ ಹಿಡಿದ. ಸೀಮೆಎಣ್ಣೆ.

ಟ್ಯಾಂಕು ತೊಳೆದು ಪೆಟ್ರೋಲು ತುಂಬಿದವರು ಎಂಜಿನ್ನಿನ ಹೊಟ್ಟೆ ತೊಳೆಯುವುದನ್ನು ಮರೆತಿದ್ದರು.

"ಪ್ಲಗ್ಗು ಬಿಚ್ಚಿ" ಎಂದ.

ಚೆನ್ನಯ್ಯ ಮಾಲೀಕನ ಮುಖ ನೋಡಿದ. ಮಾಲೀಕ ಗೋಡೆ ನೋಡಿದ. ಪ್ಲಗ್ಗು ಬಿಚ್ಚಿಕೊಂಡವು.

ಮೊದಲ ಸಿಲಿಂಡರು, ಎಪ್ಪತ್ತು. ಎರಡನೆಯದು, ಎಪ್ಪತ್ತೊಂದು. ಎಪ್ಪತ್ತು. ಅರವತ್ತೊಂಬತ್ತು. ಎಪ್ಪತ್ತು. ಎಪ್ಪತ್ತೊಂದು. ಶಿವನಂಜಯ್ಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ.

"ಮೊನ್ನೆ ನೂರ ಮೂವತ್ತೈದು ಇತ್ತಲ್ಲಪ್ಪ ಚೆನ್ನಯ್ಯ?"

"ಗುಂಡಿಗೆ ಬಿತ್ತಲ್ಲ ಸಾ. ರಿಂಗು ಕಟ್ಟಾಗಿರ್ತವೆ. ಗಾಳಿ ಸೋರ್ತದೆ."

"ಆರರಲ್ಲೂ? ಒಂದೇ ಅಳತೆಗೆ?"

ರುದ್ರಸ್ವಾಮಿ ಗಟ್ಟಿ ಎಣ್ಣೆ ತರಿಸಿ ಪ್ರತಿ ತೂತಿಗೂ ಒಂದೊಂದು ಚಮಚ ಬಿಟ್ಟು ಮತ್ತೆ ಗೇಜು ಹಿಡಿದ. ಪಿಸ್ಟನ್ನಿನ ಸುತ್ತ ಇರುವ ರಿಂಗಿನ ಸಂದಿಯಲ್ಲಿ ಗಾಳಿ ಸೋರುತ್ತಿದ್ದರೆ ಎಣ್ಣೆ ಆ ಸಂದಿ ಮುಚ್ಚುತ್ತದೆ, ಮುಳ್ಳು ಜಿಗಿಯುತ್ತದೆ. ಮುಳ್ಳು ಎಪ್ಪತ್ಮೂರು ದಾಟಲಿಲ್ಲ.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಹೋದ. ಸತ್ತೇಗಾಲದ ಲೈನಿನಲ್ಲಿ ಓಡುವ ಬಸ್ಸು ಬೇರೆಯವರದು. ಆದರೆ ಇದೇ ತಯಾರಿಕೆ, ಇದೇ ವರ್ಷದ್ದು. ಅದರ ಡ್ರೈವರನ್ನು ಕೇಳಿಕೊಂಡು ಗೇಜು ಹಿಡಿದ. ನೂರಿಪ್ಪತ್ತೆರಡು, ನೂರ ಹತ್ತೊಂಬತ್ತು, ನೂರಿಪ್ಪತ್ನಾಲ್ಕು, ನೂರಿಪ್ಪತ್ತು, ನೂರ ಹದಿನೆಂಟು, ನೂರಿಪ್ಪತ್ತೊಂದು.

"ಇದು ಓಡೋ ಎಂಜಿನ್ನು" ಎಂದ ರುದ್ರಸ್ವಾಮಿ. "ಸವೆದಿದೆ, ಹೆಚ್ಚುಕಡಿಮೆ ಇದೆ, ಆದರೂ ಆರೋಗ್ಯವಾಗಿದೆ. ಪುಟ್ಟಮಲ್ಲಪ್ಪನದು ಸವೆದದ್ದಲ್ಲ, ಮುರಿದದ್ದೂ ಅಲ್ಲ. ಯಾರೋ ಬೇಕೂಂತ ಅದರ ದಮ್ಮು ಇಳಿಸಿದ್ದಾರೆ."

"ನಂಗೊಂದೂ ಅರ್ತ ಆಗ್ನಿಲ್ಲ ಸಾ" ಎಂದ ಶಿವನಂಜಯ್ಯ.

"ಸಿಲಿಂಡರಿನಲ್ಲಿ ಆರು ಪಾವು ಗಾಳಿ ಹಿಡಿಯುತ್ತೆ ಅಂತಿಟ್ಟುಕೊ. ಪಿಸ್ಟನ್ನು ಮೇಲೆ ಬಂದು ಅಷ್ಟನ್ನೂ ಒಂದು ಪಾವಿನ ಜಾಗಕ್ಕೆ ಒತ್ತುತ್ತೆ. ಆರಕ್ಕೆ ಒಂದು. ಈ ಎಂಜಿನ್ನು ಮಾಡಿದವರು ಪುಸ್ತಕದಲ್ಲಿ ಬರೆದಿರೋದು ಅದನ್ನೇ. ಈಗ ಗೇಜಿನ ಲೆಕ್ಕ ನೋಡು. ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಅನ್ನೋದನ್ನ ಮಾತ್ರ ಅದು ಹೇಳುತ್ತೆ. ಹೊರಗಿನ ಗಾಳಿಯದು ನಮ್ಮ ಊರಿನ ಎತ್ತರದಲ್ಲಿ ಹದಿಮೂರೂವರೆ ಪೌಂಡು. ನೂರಿಪ್ಪತ್ತಕ್ಕೆ ಅದನ್ನು ಕೂಡಿಸಿ, ಬಂದದ್ದನ್ನು ಹದಿಮೂರೂವರೆಯಿಂದಲೇ ಭಾಗಿಸು. ಹತ್ತರ ಹತ್ತಿರ ಬರುತ್ತೆ."

"ಆರಲ್ವಾ ಬರ್ಬೇಕಾದ್ದು?"

"ಒತ್ತಿದ ಗಾಳಿ ಕಾಯುತ್ತೆ. ಕಾದರೆ ಇನ್ನೂ ಜೋರಾಗಿ ತಳ್ಳುತ್ತೆ. ಅದಕ್ಕೇ ಆರು ಹತ್ತಾಗಿ ಕಾಣೋದು. ಈಗ ಪುಟ್ಟಮಲ್ಲಪ್ಪನ ಎಪ್ಪತ್ತಕ್ಕೆ ಹಾಗೇ ಮಾಡು. ಆರು ಚಿಲ್ಲರೆ. ಕಾವಿನ ಪಾಲು ಕಳೆದರೆ ನಾಲ್ಕಕ್ಕೆ ಒಂದು. ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಯಾರೂ ಇಡಲ್ಲ. ಅದು ತೋಟದ ಸೀಮೆಎಣ್ಣೆ ಪಂಪಿನ ಲೆಕ್ಕ. ದಮ್ಮು ಇಳಿಸದಿದ್ದರೆ ಸೀಮೆಎಣ್ಣೆಗೆ ಎಂಜಿನ್ನು ಡಬಡಬ ಬಡಿಯುತ್ತೆ."

"ಅಂದ್ರೆ ಪಂಪಿನ ಎಂಜಿನ್ನಲ್ಲಿ ಜನ ಹೊತ್ಕಂಡು ಓಡಾಡ್ತಿತ್ತಾ ಸಾ?"

"ಹೂಂ. ಏರು ಹತ್ತೋಕೆ ಮಹದೇವುವಿನ ಗಟ್ಟೆ."

*

ಶನಿವಾರ ರುದ್ರಸ್ವಾಮಿ ಪಂಚೆ ಉಟ್ಟು, ಹೆಗಲಿಗೆ ಟವಲು ಹಾಕಿಕೊಂಡು ಯಳಂದೂರಿಗೆ ಹೋದ. ಯಳಂದೂರು ಮೈಸೂರು ಸೀಮೆ. ಅಲ್ಲಿ ಮದ್ರಾಸ್ ಪೊಲೀಸರ ಆಟ ನಡೆಯುವುದಿಲ್ಲ. ಅದಕ್ಕೇ ಚೆನ್ನಯ್ಯ ಕಬ್ಬಿಣ ಕಡೆಯುವ ಲೇತ್ ಅಂಗಡಿಯನ್ನು ಅಲ್ಲಿಟ್ಟುಕೊಂಡಿದ್ದ. ಅವತ್ತು ಅವನು ಕೊಳ್ಳೇಗಾಲದ ಶೆಡ್ಡಿನಲ್ಲಿ ಮಾಲೀಕನ ಜೊತೆಗಿದ್ದ. ಅಂಗಡಿಯಲ್ಲಿ ಮುದುಕ ಪುಟ್ಟಸಿದ್ದಯ್ಯ ಒಬ್ಬನೇ ಕಬ್ಬಿಣ ಉಜ್ಜುತ್ತಿದ್ದ. ಮಾತಿನ ಮನುಷ್ಯ.

"ಅಗರದಲ್ಲಿ ತೋಟಕ್ಕೆ ಸೀಮೆಎಣ್ಣೆ ಪಂಪು ಐತೆ ತಾತ. ಪಿಸ್ಟನ್ ಸಿಕ್ತದಾ?"

"ಅಯ್ಯೋ, ಆರು ಇದ್ವು ಕಣಪ್ಪ, ಗಿಡ್ಡನೆವು. ಎಲ್ಲಾ ಕೊಳ್ಳೇಗಾಲದ ಬಸ್ಸಿಗೆ ಓದ್ವು. ನಾನೇ ಉಜ್ಜಿ ಕೂರುಸ್ದೆ."

"ಮೇಲಿಟ್ಟಿದ್ದೀರಲ್ಲ, ಅವು?"

ಅಟ್ಟದ ಹಲಗೆಯ ಮೇಲೆ ಎಣ್ಣೆಕಾಗದದಲ್ಲಿ ಸುತ್ತಿದ ಆರು ಪಿಸ್ಟನ್ನು ಸಾಲಾಗಿ ಕೂತಿದ್ದವು.

"ಅವು ಆ ಬಸ್ಸಿನ ಅಸ್ಲಿ ಪಿಸ್ಟನ್ನು. ಮಾರಾಕಿಲ್ಲ. ಸರ್ಕಾರದೋರು ಬಸ್ ನೋಡಾಕೆ ಬಂದಾಗ ತಿರ್ಗಾ ಹಾಕ್ಬೇಕಲ್ಲ!" ಮುದುಕ ನಕ್ಕ. ತನ್ನ ಕೈಕೆಲಸದ ಮೇಲೆ ಅವನಿಗೆ ಅಭಿಮಾನ. ಒಬ್ಬ ಮನುಷ್ಯ ಸತ್ತ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ.

ಪಕ್ಕದ್ದು ಸಾರಾಯಿ ಅಂಗಡಿ. ಸೀಸೆಗಳ ಮೇಲೆ ನೀಲಿ ಅರಗು. ಗುರುವಾರ ಬೆಳಿಗ್ಗೆ ಕೊಂಡವರು ಯಾರು ಎಂದು ಕೇಳುವ ಮೊದಲೇ ಅಂಗಡಿಯವನು ಹೇಳಿದ: "ಚೆನ್ನಯ್ಯ ಮೇಸ್ತ್ರಿ ದಿನಾ ಒಂದು ತಕಂಡೋಯ್ತಾನೆ."

*

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಕೈಯಲ್ಲಿ ಹಿಡಿದು, ಊರಿನ ಇಬ್ಬರು ಪಂಚರ ಮುಂದೆ ರುದ್ರಸ್ವಾಮಿ ಎಂಜಿನ್ನಿನ ತಲೆ ಬಿಚ್ಚಿಸಿದ. ಪುಟ್ಟಮಲ್ಲಪ್ಪ ವಿಭೂತಿ ಬಳಿದುಕೊಂಡು ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎಲ್ಲರಿಗೂ ಕಾಫಿ ತರಿಸಿದ್ದ. ರುದ್ರಸ್ವಾಮಿ ಮುಟ್ಟಲಿಲ್ಲ.

ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದರೂ ಅದು ಮುಟ್ಟಬೇಕಾದ ಸಿಲಿಂಡರಿನ ಅಂಚಿಗಿಂತ ಅರ್ಧ ಅಂಗುಲ ಕೆಳಗೇ ನಿಂತಿತು. ಆರೂ ಹಾಗೇ.

"ಗಿಡ್ಡ ಪಿಸ್ಟನ್ನು" ಎಂದ ರುದ್ರಸ್ವಾಮಿ. "ಎತ್ತರದವು ಯಳಂದೂರಿನ ಅಟ್ಟದ ಮೇಲಿವೆ. ಅಲ್ಲಿನ ಪೊಲೀಸರಿಗೆ ಬರೆದಾಗಿದೆ."

ಪುಟ್ಟಮಲ್ಲಪ್ಪ ತಟ್ಟನೆ ಚೆನ್ನಯ್ಯನ ಕಡೆ ತಿರುಗಿದ. "ಏನ್ಲಾ ಇದು? ನನಗೆ ಹೇಳದೆ ಏನ್ ಮಾಡಿಟ್ಟಿದ್ದೀಯೋ?"

"ದಣಿ! ನೀವೇ ಅಲ್ವಾ ಹೇಳಿದ್ದು, ಪೆಟ್ರೋಲು ದುಬಾರಿ ಅಂತ!"

"ಬೊಗಳಬೇಡ!"

"ಇಬ್ಬರೂ ಬಾಯಿ ಮುಚ್ಚಿ" ಎಂದ ರುದ್ರಸ್ವಾಮಿ. ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಗಿತ್ತು. "ಚೆನ್ನಯ್ಯ, ನಿನ್ನ ಸರ್ಟಿಫಿಕೇಟಿನಲ್ಲಿ ನೂರ ಮೂವತ್ತೈದು ಅಂತ ಬರೆದೆಯಲ್ಲ, ಅದು ಎಂಜಿನ್ ಮಾಡಿದವರ ಪುಸ್ತಕದ ಅಂಕಿ. ಸಮುದ್ರದ ಮಟ್ಟದಲ್ಲಿ ಬರೋ ಅಂಕಿ. ಕೊಳ್ಳೇಗಾಲ ಸಮುದ್ರಕ್ಕಿಂತ ಎರಡು ಸಾವಿರ ಅಡಿ ಮೇಲಿದೆ. ಇಲ್ಲಿ ಗಾಳಿಯೇ ತೆಳು. ಹೊಚ್ಚಹೊಸ ಎಂಜಿನ್ನಿಗೂ ಇಲ್ಲಿ ನೂರಿಪ್ಪತ್ತೈದು ಬಂದರೆ ಹೆಚ್ಚು. ಈ ಊರಿನಲ್ಲಿ ಒಂದೇ ಒಂದು ಸಲ ಗೇಜು ಹಿಡಿದಿದ್ದರೂ ನಿನಗೆ ಅದು ಗೊತ್ತಿರುತ್ತಿತ್ತು. ನೀನು ಗೇಜು ಮುಟ್ಟದೆ ಪುಸ್ತಕ ನೋಡಿ ಬರೆದೆ. ಅದೂ ಮೊನ್ನೆಯಲ್ಲ, ಹೆಣ ಬಿದ್ದ ಮೇಲೆ."

ಚೆನ್ನಯ್ಯ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಟ್ಯಾಂಕಿನ ಸೀಮೆಎಣ್ಣೆ ಚೆಲ್ಲಿ ಪೆಟ್ರೋಲು ತುಂಬಿದ್ದು ನೀನೇ. ಸೀಸೆ ಇಟ್ಟಿದ್ದೂ ನೀನೇ. ಚಿಕ್ಕಸಿದ್ದಯ್ಯನ ಲೈನು ಹನೂರು, ಕೌದಳ್ಳಿ. ಯಳಂದೂರಿನ ಸಾರಾಯಿ ಅವನ ಸೀಟಿನ ಕೆಳಗೆ ಹೇಗೆ ಬರುತ್ತೆ? ಬಸ್ಸು ಗುಂಡಿಗೆ ಬಿದ್ದು ಮೊಸರಿನ ಕುಡಿಕೆ ಒಡೆದಿದೆ, ಬಿರಡೆಯಿಲ್ಲದ ಸೀಸೆ ಮಾತ್ರ ತುಳುಕಿಲ್ಲ. ಹನೂರಿನ ಜಗಳವೂ ದ್ವೇಷದ್ದಲ್ಲ. ಒಬ್ಬನಿಗೆ ಜೀವಭಯ, ಇನ್ನೊಬ್ಬನಿಗೆ ಬೇರೆ ದಾರಿಯಿಲ್ಲ. ಏರಿನಲ್ಲಿ ಎಂಜಿನ್ನು ದಮ್ಮಿಲ್ಲದೆ ನಿಂತಿತು, ಸವೆದ ಬ್ರೇಕು ಅಷ್ಟು ಭಾರ ತಡೆಯಲಿಲ್ಲ, ಗಟ್ಟೆ ಜಾರಿತು. ಚಿಕ್ಕಸಿದ್ದಯ್ಯನ ಕಾಲು ಜಾರಲಿಲ್ಲ."

"ಹಂಗಾದ್ರೆ ತಪ್ಪು ಇವನದು" ಎಂದ ಪುಟ್ಟಮಲ್ಲಪ್ಪ. "ಎಂಜಿನ್ ವಿಷಯ ನನಗೇನು ತಿಳೀಬೇಕು?"

"ನಿಮಗೆ ತಿಳಿದಿತ್ತು. ಮಹದೇವು ಬಂದು ನಿಮ್ಮ ಕಾಲು ಹಿಡಿದ. ಬಸ್ಸು ಏರು ಹತ್ತಲ್ಲ ಅಂತ ತಿಳಿದದ್ದಕ್ಕೇ ಅಲ್ಲವೇ ನೀವು ದಪ್ಪ ಗಟ್ಟೆ ಮಾಡಿಸಿದ್ದು? ಆಚಾರಿಯ ಹೇಳಿಕೆ ನನ್ನ ಹತ್ತಿರ ಇದೆ. ಎಂಜಿನ್ನು ಉತ್ತಮ ಸ್ಥಿತಿಯಲ್ಲಿದ್ದಿದ್ದರೆ ಗಟ್ಟೆ ಯಾಕೆ ದಪ್ಪ ಬೇಕಿತ್ತು ಸ್ವಾಮಿ?"

ಪುಟ್ಟಮಲ್ಲಪ್ಪ ಪಂಚರ ಮುಖ ನೋಡಿದ. ಅವರು ಕಾಫಿ ಲೋಟ ಕೆಳಗಿಟ್ಟಿದ್ದರು. ಕುರ್ಚಿಯನ್ನು ಮುಂದಕ್ಕೆಳೆದು ದನಿ ತಗ್ಗಿಸಿದ.

"ಇನ್ಸ್‌ಪೆಕ್ಟ್ರೇ, ಹೋದವನು ಒಬ್ಬ ಕ್ಲೀನರ್ರು. ನಾಳೆ ಬಾ ಅಂದ್ರೆ ಹತ್ತು ಜನ ಬರ್ತಾರೆ. ಚಿಕ್ಕಸಿದ್ದನಿಗೂ ನಾನು ಮಾತು ಕೊಟ್ಟಿದ್ದೀನಿ. ಲಾಕಪ್ಪಿಗೇ ಹೋಗಿ ಹೇಳಿ ಬಂದೆ. ತಪ್ಪು ಒಪ್ಕೊಂಡು ಹೋಗ್ಬಿಡು, ನಿನ್ನ ಹೆಂಡ್ರುಮಕ್ಕಳನ್ನ ನಾನು ಸಾಕ್ತೀನಿ ಅಂತ. ಅವನಿಗೇ ಬೇಜಾರಿಲ್ಲ. ನಿಮಗ್ಯಾಕೆ?"

ಬರ್ಮಾ ಗಡಿಯಲ್ಲಿ ಕೊಳೆತ ಹೆಣಗಳ ನಡುವೆ ಊಟ ಮಾಡಿದವನು ರುದ್ರಸ್ವಾಮಿ. ಈ ವಿಭೂತಿಯ ಹಣೆಯ ಮುಂದೆ ನಿಲ್ಲಲಾಗಲಿಲ್ಲ.

"ಬೇಡಿ ಹಾಕಯ್ಯ ಶಿವನಂಜಯ್ಯ" ಎಂದು ಹೊರಗೆ ಬಂದ.

*

ಲಾಕಪ್ಪಿನ ಬೀಗ ತೆಗೆಸಿದಾಗ ಚಿಕ್ಕಸಿದ್ದಯ್ಯ ಏಳಲೇ ಇಲ್ಲ.

"ಏಳಯ್ಯ. ನೀನು ಕೊಂದಿಲ್ಲ. ಎಂಜಿನ್ನಿಗೆ ದಮ್ಮೇ ಇರಲಿಲ್ಲ. ಯಾರು ಕೂತಿದ್ದರೂ ಅದು ನಿಲ್ಲುತ್ತಿತ್ತು, ಜಾರುತ್ತಿತ್ತು."

"ನನ್ ಕಾಲು ಜಾರ್ನಿಲ್ವಾ ಸಾ?"

"ಇಲ್ಲ."

ಅವನು ತನ್ನ ಬಲಗಾಲನ್ನು ನೋಡಿಕೊಂಡ. ಮೂರು ದಿನದಿಂದ ಆ ಕಾಲನ್ನು ಮಡಿಚಿ ಕೂತಿದ್ದ. ಮೆಲ್ಲಗೆ ನೀಡಿದ.

"ಮತ್ತೆ ದಣಿ ಯಾಕೆ ಅಂಗಂದ್ರು?"

ಉತ್ತರ ಹೇಳುವ ಮುಂಚೆಯೇ ಜಗಲಿಯ ಮೇಲೆ ಬೂಟಿನ ಸದ್ದಾಯಿತು. ಶಿವನಂಜಯ್ಯ ಪುಟ್ಟಮಲ್ಲಪ್ಪನನ್ನೂ ಚೆನ್ನಯ್ಯನನ್ನೂ ಒಳಗೆ ತಂದ. ದಣಿಯನ್ನು ಕಂಡದ್ದೇ ತಡ, ಚಿಕ್ಕಸಿದ್ದಯ್ಯ ದಡಬಡಿಸಿ ಎದ್ದ. ತಲೆಯ ಟವಲು ಕಂಕುಳಿಗೆ ಬಂತು. ಬೆನ್ನು ಬಾಗಿತು. ಎರಡೂ ಕೈ ಮುಗಿಯಲು ಎದ್ದವು. ತಾನು ಕೂತಿದ್ದ ಚಾಪೆಯನ್ನು ಕಾಲಿನಿಂದ ಅವನ ಕಡೆಗೆ ಸರಿಸಿದ.

ರುದ್ರಸ್ವಾಮಿಗೆ ಇಷ್ಟು ದಿನದಲ್ಲಿ ಕಂಡ ಅಸಹ್ಯವೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ದಣಿಯ ಕೆಲಸದಲ್ಲಿ ಹದಿನಾರು ವರ್ಷ ಬಾಗಿದ ಬೆನ್ನು, ತಾನು ಬಾಗುತ್ತಿದ್ದೇನೆಂದು ಅದಕ್ಕೇ ಗೊತ್ತಿಲ್ಲ.

"ಚಿಕ್ಕಸಿದ್ದಯ್ಯ" ಎಂದ. "ಆ ಎಂಜಿನ್ನಿಗೆ ಗಿಡ್ಡ ಪಿಸ್ಟನ್ನು ಹಾಕಿಸಿದವನು ಇವನು. ಮಹದೇವು ಸಾಯ್ತೀನಿ ಅಂತ ಹೇಳಿದ್ದೂ ಇವನಿಗೇ."

ಮುಗಿಯಲು ಎದ್ದ ಕೈ ಎದೆಯ ಹತ್ತಿರ ನಿಂತಿತು. ಪುಟ್ಟಮಲ್ಲಪ್ಪ ಅವನ ಮುಖ ನೋಡದೆ, ಚಾಪೆಯ ಮೇಲೆ ಕೂರಲು ಬಗ್ಗಿದ.

ಚಿಕ್ಕಸಿದ್ದಯ್ಯ ಚಾಪೆಯ ಮೇಲೆ ಕಾಲಿಟ್ಟ. ಬಲಗಾಲು.

"ಇದು ಸರ್ಕಾರದ್ದು ಸಾ. ಮಡಿಚಿ ಕೊಟ್ಬುಟ್ಟು ಓಯ್ತೀನಿ" ಎಂದ. ಚಾಪೆ ಸುತ್ತಿ ರುದ್ರಸ್ವಾಮಿಯ ಕೈಗೆ ಕೊಟ್ಟು, ದೊಡ್ಡಮಾದಮ್ಮ ಅವತ್ತೂ ಬಂದು ಕೂತಿದ್ದ ಬೆಂಚಿನ ಕಡೆಗೆ ನಡೆದ.